ತತ್ಸುಮಿಯ ‘ನರಕ’ವನ್ನು ನೋಡುವ ಬಗೆ

ಜಪಾನಿನ ಯೋಶಿಹಿರೊ ತತ್ಸುಮಿಯ ‘ನರಕ’ ಎಂಬ ಮಂಗಾವನ್ನು, ಅಂದರೆ ಚಿತ್ರಕತೆಯನ್ನು, ಗುಟ್ಟು ತಿಳಿದೇ ಓದಿ, ನಷ್ಟವೇನಿಲ್ಲ. ಬಾಂಬು ಬಿದ್ದ ಹಿರೋಶಿಮಾಕ್ಕೆ ಸೇನೆಯ ಛಾಯಾಗ್ರಾಹಕನೊಬ್ಬ ಬರುತ್ತಾನೆ. ಗೋಡೆಯ ಮೇಲೆ ಅಚ್ಚೊತ್ತಿದಂತೆ ಎರಡು ನೆರಳು: ಕೂತ ತಾಯಿ, ಅವಳ ಹೆಗಲು ಒತ್ತುತ್ತಿರುವ ಮಗ. ಎಷ್ಟೋ ವರ್ಷದ ಮೇಲೆ ಆ ಫೋಟೊ ಪ್ರಕಟವಾಗಿ ಅವನು ಹೆಸರುವಾಸಿಯಾಗುತ್ತಾನೆ, ನೆರಳು ಶಾಂತಿಯ ಸ್ಮಾರಕವಾಗುತ್ತದೆ. ಅಷ್ಟರಲ್ಲಿ ಸತ್ತನೆಂದುಕೊಂಡಿದ್ದ ಮಗ ಎದುರು ಬಂದು ನಿಲ್ಲುತ್ತಾನೆ. ನೆರಳಲ್ಲಿದ್ದವನು ಅವನಲ್ಲ, ಅವನು ಗೊತ್ತುಮಾಡಿದ್ದ ಗೆಳೆಯ. ಅಲ್ಲಿ ನಡೆದದ್ದು ತಾಯಿಯ ಕೊಲೆ.

ಹಿರೋಶಿಮಾದ ಸಂಕಟವನ್ನು ಹೀಗೆ ಪತ್ತೇದಾರಿ ತಿರುವಿಗೆ ಬಳಸಿಕೊಳ್ಳಬಹುದೇ ಎಂದು ಯಾರಾದರೂ ಸಿಡಿದರೆ ತಪ್ಪೆನ್ನಲಾರೆ. ಆದರೆ ತೀರ್ಪು ಕೊಡುವ ಮೊದಲು ಆ ನೆರಳಿನ ಚೌಕಟ್ಟಿಗೆ ಮರಳಿ ಹೋಗಿ. ಅಲ್ಲಿ ಇರುವುದು ಬರೀ ಕಪ್ಪು ಮಸಿ, ಮುಖವಿಲ್ಲ, ಕಣ್ಣಿಲ್ಲ. ಮಮತೆಯನ್ನು ತುಂಬಿದವರು ನಾವು. ತತ್ಸುಮಿ ಒಂದು ಗೆರೆಯನ್ನೂ ಸುಳ್ಳಾಗಿ ಎಳೆದಿಲ್ಲ. ಅದೇ ಚಿತ್ರ ಪತ್ರಿಕೆಯಲ್ಲಿ, ಸ್ಮಾರಕದಲ್ಲಿ ಮತ್ತೆ ಮತ್ತೆ ಬಂದಾಗ ಪ್ರತಿಸಲವೂ ನಿಂತು ನೋಡಿ. ಸತ್ಯ ತಿಳಿದ ಮೇಲೂ ಕಣ್ಣು ಮೊದಲ ಓದನ್ನೇ ಹಿಡಿದುಕೊಂಡಿರುತ್ತದೆ. ಈ ಕತೆಯ ನಿಜವಾದ ಕ್ರೌರ್ಯ ಇರುವುದು ಅಲ್ಲಿ, ಕೊಲೆಯಲ್ಲಲ್ಲ.

ಕತೆಯ ಫೋಟೊ ಅಷ್ಟು ಕಾಲ ಯಾಕೆ ಬೆಳಕಿಗೆ ಬರಲಿಲ್ಲ? ಸೋತ ಜಪಾನಿನಲ್ಲಿ ಅಮೆರಿಕದ ಆಡಳಿತ ಅಣುಬಾಂಬಿನ ಸುದ್ದಿ, ಚಿತ್ರಗಳಿಗೆ ಕಡಿವಾಣ ಹಾಕಿತ್ತು. ‘ಅಸಾಹಿ ಗ್ರಾಫ್’ ಪತ್ರಿಕೆ ಅಣುಬಾಂಬಿನ ಫೋಟೊಗಳನ್ನು ದೇಶದ ಮುಂದಿಟ್ಟದ್ದು 1952ರ ಆಗಸ್ಟ್ 6ರಂದು, ಆ ಆಡಳಿತ ಮುಗಿದ ಕೆಲವೇ ತಿಂಗಳಿಗೆ. ನೆರಳೂ ಬರೀ ಕಲ್ಪನೆಯಲ್ಲ: ಸುಮಿತೊಮೊ ಬ್ಯಾಂಕಿನ ಮೆಟ್ಟಿಲ ಮೇಲೆ ಉಳಿದ ಮನುಷ್ಯನ ನೆರಳು ಈಗ ಹಿರೋಶಿಮಾದ ವಸ್ತುಸಂಗ್ರಹಾಲಯದಲ್ಲಿದೆ.

ಮಂಗಾಕಾರ ತೆಜುಕಾನ ದೊಡ್ಡ ಕಣ್ಣಿನ ಮಕ್ಕಳ ಮಂಗಾ ಓದಿ ಬಂದವರಿಗೆ ತತ್ಸುಮಿಯ ಗಂಡಸರು ಬೇಸರ ತರಿಸಬಹುದು. ಒಬ್ಬನಿಗೂ ಇನ್ನೊಬ್ಬನಿಗೂ ಮುಖದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಮಾತಂತೂ ಕಡಮೆ. 1935ರಲ್ಲಿ ಒಸಾಕಾದಲ್ಲಿ ಹುಟ್ಟಿದ ತತ್ಸುಮಿಯೂ ತೆಜುಕಾನ ಭಕ್ತನೇ. ಬಾಡಿಗೆ ಪುಸ್ತಕದಂಗಡಿಗಳಿಗೆ ಬರೆಯುತ್ತ ಬೆಳೆದು, 1957ರಲ್ಲಿ ತನ್ನ ಬಗೆಯ ಕತೆಗಳಿಗೆ ‘ಗೆಕಿಗಾ’ ಎಂದು ಬೇರೆ ಹೆಸರಿಟ್ಟ. ಆ ಅಂಗಡಿಗಳ ಓದುಗರಲ್ಲಿ ಕಾರ್ಖಾನೆಯ ಹುಡುಗರು ಬಹಳ ಇದ್ದರು. ಆ ಒಂದೇ ಮುಖದ ಗಂಡಸರು ಅವರೇ. ಹಾಗಾಗಿ ಮುಖ ಬಿಟ್ಟು ಬೆನ್ನು, ಕೈ, ಬೀದಿಯ ಗುಂಪನ್ನು ನೋಡಿ; ಭಾವ ಅಲ್ಲಿ ಹರಿಯುತ್ತದೆ.

ಮೆಚ್ಚಲಾಗದ್ದೂ ಇದೆ. ತತ್ಸುಮಿಯ ಹೆಂಗಸರು ಹೆಚ್ಚಾಗಿ ಗಂಡಸಿನ ಸೋಲಿಗೆ ನೆಪವಾಗಿ ಬರುತ್ತಾರೆ. ಆ ಕಾಲವೇ ಹಾಗಿತ್ತು ಎಂದು ಬಿಟ್ಟುಬಿಡಬೇಡಿ. ‘ನರಕ’ದ ಕೊನೆಗೆ ಛಾಯಾಗ್ರಾಹಕ ತಾನೇ ಕೊಲೆಗಾರನಾಗುವುದು ನನಗೆ ತುಸು ಅಬ್ಬರವೆನಿಸುತ್ತದೆ. ಸ್ಮಾರಕದ ಮುಂದೆ ಬಾಯಿ ಕಟ್ಟಿ ನಿಂತಾಗಲೇ ಅವನಿಗೆ ಶಿಕ್ಷೆಯಾಗಿದೆ.

ಏಡ್ರಿಯನ್ ಟೊಮಿನೆ ಸಂಪಾದಿಸಿದ ‘ಗುಡ್‌ಬೈ’ ಎಂಬ ಇಂಗ್ಲಿಷ್ ಸಂಕಲನದಲ್ಲಿ ಈ ಕತೆ ಸಿಗುತ್ತದೆ. ಪುಟಗಳನ್ನು ಎಡದಿಂದ ಬಲಕ್ಕೆ ಹೊಂದಿಸಿರುವುದರಿಂದ ಹೊಸಬರು ತಡವರಿಸಬೇಕಿಲ್ಲ. ಸಿಂಗಪುರದ ಎರಿಕ್ ಖೂ 2011ರಲ್ಲಿ ಮಾಡಿದ ‘ತತ್ಸುಮಿ’ ಆನಿಮೇಷನ್ ಚಿತ್ರದಲ್ಲೂ ಈ ಕತೆಯಿದೆ, ಆದರೆ ಆ ಚಿತ್ರವನ್ನು ಆಮೇಲೆ ನೋಡಿ. ಪರದೆಯ ಮೇಲೆ ನೆರಳು ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ನಿರ್ದೇಶಕ ಗೊತ್ತುಮಾಡುತ್ತಾನೆ. ಪುಸ್ತಕದಲ್ಲಿ ಆ ಹೊಣೆ ನಿಮ್ಮದು.