ಹೊಸ್ತಿಲಲ್ಲಿ ತಿಳಿಯುವ ಸುಂಕ

ದೇಶದ ಗಡಿ ದಾಟಿ ಒಳಬರುವ ಸರಕಿನ ಮೇಲೆ ಕೇಂದ್ರ ಸರ್ಕಾರ ವಿಧಿಸುವ ತೆರಿಗೆಗೆ ಸೀಮಾಸುಂಕವೆಂದು ಹೆಸರು. ಒಂದು ಕಾಲಕ್ಕೆ ಬಂದರುಗಳ ವರ್ತಕರು ಮತ್ತು ಅವರ ಗುಮಾಸ್ತರು ಮಾತ್ರ ತಲೆಕೆಡಿಸಿಕೊಳ್ಳುತ್ತಿದ್ದ ಈ ತೆರಿಗೆ, ಆನ್‌ಲೈನ್ ಖರೀದಿಯ ಕಾಲದಲ್ಲಿ ಕರಾವಳಿಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಹಳ್ಳಿಮನೆಯ ಬಾಗಿಲನ್ನೂ ತಟ್ಟುತ್ತಿದೆ. ಕ್ಯಾಮೆರಾದ ಲೆನ್ಸು, ಗಾಳದ ರೀಲು, ಇಲ್ಲಿ ಸಿಗದ ಪುಸ್ತಕ ಅಥವಾ ಯಂತ್ರದ ಬಿಡಿಭಾಗವೊಂದನ್ನು ವಿದೇಶಿ ಜಾಲತಾಣದಲ್ಲಿ ಪೂರ್ತಿ ಹಣ ಕೊಟ್ಟು ತರಿಸಿಕೊಂಡವರು, ವಾರಗಳ ಬಳಿಕ ಅಂಚೆಯವರೋ ಕೊರಿಯರಿನವರೋ ಇನ್ನೊಂದು ಮೊತ್ತವನ್ನು ಕೇಳಿದಾಗಲಷ್ಟೇ ತಾವು ಕೊಟ್ಟದ್ದು ಪೂರ್ತಿ ಬೆಲೆಯಾಗಿರಲಿಲ್ಲ ಎಂದು ಅರಿಯುತ್ತಾರೆ. ಸುಂಕ ನ್ಯಾಯವೇ ಅನ್ಯಾಯವೇ ಎಂಬ ಚರ್ಚೆಯಲ್ಲಿ ಮರೆಯಾಗುವ ಪ್ರಶ್ನೆಯೊಂದಿದೆ: ಅದರ ಮೊತ್ತ ಕೊಡಬೇಕಾದವರಿಗೆ ಯಾವ ಹೊತ್ತಿನಲ್ಲಿ ತಿಳಿಯುತ್ತದೆ? ಈ ವಸೂಲಿ ಪದ್ಧತಿಯ ಗುಣದೋಷಗಳನ್ನು ತೂಗಬೇಕಾದುದು ಮುಖ್ಯವಾಗಿ ಈ ಪ್ರಶ್ನೆಯ ತಕ್ಕಡಿಯಲ್ಲಿ.

ಸುಂಕವೆಂಬುದು ಈ ಕರಾವಳಿಗೆ ಹೊಸದೇನೂ ಅಲ್ಲ. ಸೀತಾನದಿಯ ದಡದ ಬಾರಕೂರು ಆಳುಪರ ರಾಜಧಾನಿಯಾಗಿ, ಮುಂದೆ ವಿಜಯನಗರದ ಬಾರಕೂರು ರಾಜ್ಯದ ಕೇಂದ್ರವಾಗಿ ಬೆಳೆದ ಊರು. ವಾರಾಹಿ ನದಿಯ ಬಸರೂರು ಗೋವೆಯ ಪೋರ್ಚುಗೀಸರಿಗೆ ಅಕ್ಕಿ ಒದಗಿಸಿದ, 1665ರಲ್ಲಿ ಶಿವಾಜಿಯ ನೌಕಾದಾಳಿಗೆ ಗುರಿಯಾಗುವಷ್ಟು ಸಿರಿವಂತವಾಗಿದ್ದ ಬಂದರು. ಕನ್ನಡದ ಮಧ್ಯಕಾಲೀನ ಶಾಸನಗಳಲ್ಲಿ ದೊಡ್ಡ ಸರಕುಗಳ ಮೇಲಿನ ತೆರಿಗೆಗೆ ಪೆರ್ಜುಂಕ ಅಥವಾ ಹೆಜ್ಜುಂಕವೆಂದೂ ಚಿಲ್ಲರೆ ತೆರಿಗೆಗಳಿಗೆ ಕಿರುಕುಳವೆಂದೂ ಹೆಸರಿದ್ದು, ಹೇರಿಗೆ ಇಂತಿಷ್ಟು ಎಂದು, ಅಂದರೆ ಎತ್ತಿನ ಬೆನ್ನಿಗೇರಿಸಿದ ಒಂದು ಹೊರೆಗೆ ಇಂತಿಷ್ಟು ಎಂದು, ಕಲ್ಲಿನಲ್ಲಿ ಕೆತ್ತಿಸಿದ ಉದಾಹರಣೆಗಳಿವೆ. ಅಂದಿನ ಸುಂಕ ಹಗುರವಾಗಿತ್ತೆಂದಾಗಲಿ, ಅಧಿಕಾರಿಗಳು ಕರುಣಾಳುಗಳಾಗಿದ್ದರೆಂದಾಗಲಿ ಇದರಿಂದ ಸಾಧಿಸಲಾಗದು. ಆದರೆ ದರವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಮೊದಲೇ ಸಾರುವುದು ಸುಂಕದ ವ್ಯವಸ್ಥೆಯ ಒಂದು ಅಂಗವಾಗಿತ್ತೆಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ.

ಇಂದಿನ ಪದ್ಧತಿಗೆ 1962ರ ಸೀಮಾಸುಂಕ ಕಾಯ್ದೆ ಮತ್ತು 1975ರ ಸೀಮಾಸುಂಕ ದರಪಟ್ಟಿ ಕಾಯ್ದೆಗಳು ಆಧಾರ. ಅಂಚೆಯ ಮೂಲಕ ಬರುವ ಪೊಟ್ಟಣವು ಮೊದಲು ಮುಂಬೈ, ಚೆನ್ನೈ, ಬೆಂಗಳೂರಿನಂಥ ನಗರಗಳ ವಿದೇಶಿ ಅಂಚೆ ಕಚೇರಿಗಳಲ್ಲೊಂದನ್ನು ಸೇರುತ್ತದೆ. ಕಳುಹಿಸಿದವರು ವಸ್ತುವಿನ ವಿವರ ಮತ್ತು ಬೆಲೆಯನ್ನು ಬರೆದು ಅಂಟಿಸಿದ ಸಿಎನ್ 22 ಅಥವಾ ಸಿಎನ್ 23 ಎಂಬ ಘೋಷಣಾ ಚೀಟಿಯನ್ನು ಅಲ್ಲಿನ ಸುಂಕಾಧಿಕಾರಿಗಳು ನೋಡಿ, ಅನುಮಾನ ಬಂದರೆ ಪೊಟ್ಟಣವನ್ನು ಬಿಚ್ಚಿಸಿ, ಸುಂಕವನ್ನು ನಿರ್ಧರಿಸುತ್ತಾರೆ. ಆ ಬಳಿಕ ಕುಂದಾಪುರದ ಪ್ರಧಾನ ಅಂಚೆ ಕಚೇರಿಗೋ ಯಾವುದೋ ಹಳ್ಳಿಯ ಶಾಖಾ ಕಚೇರಿಗೋ ಬರುವ ಪೊಟ್ಟಣವನ್ನು ಮೊತ್ತ ಪಡೆದೇ ಹಸ್ತಾಂತರಿಸಬೇಕು. ಹೀಗೆ ನಿರ್ಣಯಿಸಿದವರು ನೂರಾರು ಮೈಲಿ ದೂರದಲ್ಲಿ ಉಳಿದು, ನಿರ್ಣಯದಲ್ಲಿ ಯಾವ ಪಾತ್ರವೂ ಇಲ್ಲದ ಅಂಚೆ ನೌಕರರು ಗ್ರಾಹಕರ ಕಣ್ಣಿಗೆ ಸುಂಕದವರಾಗಿ ಕಾಣುತ್ತಾರೆ. ಇಷ್ಟು ಏಕೆ ಎಂಬ ಪ್ರಶ್ನೆ ಅವರಿಗೇ ಎದುರಾದರೂ ಉತ್ತರ ಅವರ ಬಳಿ ಇರುವುದಿಲ್ಲ.

ಉತ್ತರ ಸುಲಭದ್ದೂ ಅಲ್ಲ, ಏಕೆಂದರೆ ಸುಂಕದ ಲೆಕ್ಕ ವಸ್ತುವಿನ ಬೆಲೆಗಷ್ಟೇ ಸೀಮಿತವಾಗಿಲ್ಲ. ಬೆಲೆ, ವಿಮೆ ಮತ್ತು ಸಾಗಣೆ ವೆಚ್ಚ ಮೂರನ್ನೂ ಕೂಡಿಸಿದ ಮೊತ್ತವೇ ತೆರಿಗೆಗೆ ಆಧಾರ. 2007ರ ಮೌಲ್ಯನಿರ್ಣಯ ನಿಯಮಗಳ ಪ್ರಕಾರ ಸಾಗಣೆ ವೆಚ್ಚ ತಿಳಿಯದಿದ್ದರೆ ಬೆಲೆಯ ಶೇಕಡ 20ನ್ನೂ ವಿಮೆಯ ಮೊತ್ತ ತಿಳಿಯದಿದ್ದರೆ ಶೇಕಡ 1.125ನ್ನೂ ಸೇರಿಸಲಾಗುತ್ತದೆ. ಅದರ ಮೇಲೆ ಮೂಲ ಸುಂಕ ಬೀಳುತ್ತದೆ, ಮೂಲ ಸುಂಕವೂ ಸೇರಿದ ಮೊತ್ತದ ಮೇಲೆ ಸಮಗ್ರ ಸರಕು ಮತ್ತು ಸೇವಾ ತೆರಿಗೆ, ಅಂದರೆ ಆಮದಿಗೆ ಅನ್ವಯಿಸುವ ಜಿಎಸ್‌ಟಿ, ಬೀಳುತ್ತದೆ. ಉದಾಹರಣೆಗೆ 8,000 ರೂಪಾಯಿಯ ವಸ್ತುವಿಗೆ ಶೇಕಡ 10ರ ಮೂಲ ಸುಂಕ ಮತ್ತು ಶೇಕಡ 18ರ ಜಿಎಸ್‌ಟಿ ಎಂದಿಟ್ಟುಕೊಂಡರೆ, ಸಾಮಾನ್ಯ ಗ್ರಾಹಕರು ಎರಡನ್ನೂ ಕೂಡಿಸಿ ಶೇಕಡ 28 ಎಂದು ಭಾವಿಸುತ್ತಾರೆ. ಸಾಗಣೆ ಮತ್ತು ವಿಮೆಯ ಊಹೆಗಳನ್ನು ಸೇರಿಸಿದಾಗ ಆಧಾರ ಮೊತ್ತ 9,690 ರೂಪಾಯಿ, ಮೂಲ ಸುಂಕ 969 ರೂಪಾಯಿ, 10,659 ರೂಪಾಯಿಯ ಮೇಲಿನ ಜಿಎಸ್‌ಟಿ ಸುಮಾರು 1,919 ರೂಪಾಯಿ ಆಗಿ, ಒಟ್ಟು 2,888 ರೂಪಾಯಿಗೆ, ಅಂದರೆ ವಸ್ತುವಿನ ಬೆಲೆಯ ಶೇಕಡ 36ಕ್ಕೆ ತಲುಪುತ್ತದೆ. ಡಾಲರಿನ ವಿನಿಮಯ ದರವೂ ಬ್ಯಾಂಕಿನ ಕಾರ್ಡು ಲೆಕ್ಕ ಹಾಕಿದ ದರವಾಗಿರದೆ ಸೀಮಾಸುಂಕ ಮಂಡಳಿ ಪ್ರಕಟಿಸಿದ ದರವಾಗಿರುತ್ತದೆ. ಪ್ರತಿ ಹೆಜ್ಜೆಯೂ ಕಾನೂನುಬದ್ಧವೇ. ಆದರೆ ಖರೀದಿಯ ಗುಂಡಿ ಒತ್ತುವ ಮುನ್ನ ಇಷ್ಟನ್ನೂ ತಾವೇ ಲೆಕ್ಕ ಹಾಕಿಕೊಳ್ಳಬೇಕೆಂದು ಗ್ರಾಹಕರಿಂದ ನಿರೀಕ್ಷಿಸುವುದು ವಿವೇಕವಲ್ಲ.

ಕೊರಿಯರ್ ಸಂಸ್ಥೆಗಳ ಮೂಲಕ ಬರುವ ಸರಕಿನಲ್ಲಿ ಇನ್ನೊಂದು ಪದರವಿದೆ. ಸಂಸ್ಥೆಯೇ ಮುಂಗಡವಾಗಿ ಸುಂಕ ತುಂಬಿ ಪೊಟ್ಟಣವನ್ನು ಬಿಡಿಸಿಕೊಳ್ಳುವುದರಿಂದ ವಿತರಣೆ ಬೇಗ ಆಗುತ್ತದೆ, ಮೊಬೈಲಿಗೆ ಮಾಹಿತಿಯೂ ಬರುತ್ತದೆ. ಈ ಮಟ್ಟಿಗೆ ಅದು ಅಂಚೆಗಿಂತ ಮೇಲು. ಆದರೆ ಮುಂಗಡ ತುಂಬಿದ್ದಕ್ಕೆ ಶುಲ್ಕ, ಕಾಗದಪತ್ರ ನಿರ್ವಹಣೆಗೆ ಶುಲ್ಕ, ಆ ಶುಲ್ಕಗಳ ಮೇಲೆ ಮತ್ತೆ ಜಿಎಸ್‌ಟಿ ಎಂದು ಬೆಳೆಯುವ ಪಟ್ಟಿಯಲ್ಲಿ ಸರ್ಕಾರಕ್ಕೆ ಸೇರುವುದೆಷ್ಟು, ಸಂಸ್ಥೆಗೆ ಸೇರುವುದೆಷ್ಟು ಎಂಬುದು ಗ್ರಾಹಕರಿಗೆ ಸ್ಪಷ್ಟವಾಗುವುದಿಲ್ಲ. ಶಾಸನಗಳಲ್ಲಿ ಚಿಲ್ಲರೆ ತೆರಿಗೆಯನ್ನು ಸೂಚಿಸುತ್ತಿದ್ದ ಕಿರುಕುಳ ಎಂಬ ಪದ ಇಂದಿನ ಕನ್ನಡದಲ್ಲಿ ಪೀಡನೆ ಎಂಬ ಅರ್ಥದಲ್ಲಷ್ಟೇ ಉಳಿದಿದೆ. ಬೆಲೆಗಿಂತ ಶುಲ್ಕವೇ ಹೆಚ್ಚೆನಿಸುವ ಸಣ್ಣ ಪೊಟ್ಟಣವನ್ನು ಬಿಡಿಸಿಕೊಂಡವರಿಗೆ ಆ ಪದದ ಹಳೆಯ ಅರ್ಥವೂ ಹೊಸ ಅರ್ಥವೂ ಬೇರೆಬೇರೆಯೆಂದು ತೋರಲಾರದು.

ಪದ್ಧತಿಯ ಅಸಂಗತಿ ಎದ್ದು ಕಾಣುವುದು ಉಡುಗೊರೆಯ ವಿಷಯದಲ್ಲಿ. ಗಂಗೊಳ್ಳಿ, ಶಿರೂರು, ಬೈಂದೂರು ಕಡೆಯ ಅನೇಕ ಕುಟುಂಬಗಳಿಗೆ ಕೊಲ್ಲಿ ರಾಷ್ಟ್ರಗಳ ನಂಟು ಹಳೆಯದು. 2019ರ ಡಿಸೆಂಬರ್ 12ರವರೆಗೆ ವಿದೇಶದಿಂದ ಅಂಚೆಯಲ್ಲಿ ಬರುವ 5,000 ರೂಪಾಯಿಯೊಳಗಿನ ಉಡುಗೊರೆಗೆ ಸುಂಕವಿರಲಿಲ್ಲ. ಅಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಹೊರಡಿಸಿದ ಅಧಿಸೂಚನೆಯು ಜೀವರಕ್ಷಕ ಔಷಧಿ ಮತ್ತು ರಾಖಿಯನ್ನು ಬಿಟ್ಟು ಉಳಿದ ಯಾವುದಕ್ಕೂ ಉಡುಗೊರೆಯ ಹೆಸರಿನ ವಿನಾಯಿತಿ ಸಲ್ಲದೆಂದಿತು, ಪೂರ್ಣ ಸುಂಕ ಕೊಟ್ಟರೆ ತರಿಸಿಕೊಳ್ಳಬಹುದೆಂದಿತು. ಅದೇ ವಸ್ತುವನ್ನು ದುಬೈಯಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ಬಂದಿಳಿಯುವ ಮಗ ಪೆಟ್ಟಿಗೆಯಲ್ಲಿಟ್ಟು ತಂದರೆ, 2016ರ ಪ್ರಯಾಣಿಕ ಸಾಮಾನು ನಿಯಮಗಳಲ್ಲಿ 50,000 ರೂಪಾಯಿಯವರೆಗೆ ಸುಂಕವಿರಲಿಲ್ಲ, 2026ರ ಹೊಸ ನಿಯಮಗಳಲ್ಲಿ 75,000 ರೂಪಾಯಿಯವರೆಗೆ ಸುಂಕವಿಲ್ಲ. ರಜೆ ಸಿಕ್ಕಿ ಊರಿಗೆ ಬರಬಲ್ಲವನ ಕಾಣಿಕೆ ನಿರಾಳವಾಗಿ ಮನೆ ಸೇರುತ್ತದೆ; ರಜೆ ಸಿಗದವನು ಅಂಚೆಯಲ್ಲಿ ಕಳುಹಿಸಿದ ಅದೇ ಕಾಣಿಕೆಗೆ ತಾಯಿ ಬಾಗಿಲಲ್ಲಿ ಹಣ ಎಣಿಸಬೇಕು. ವಸ್ತು ಒಂದೇ, ಸಂಬಂಧ ಒಂದೇ, ಬಂದ ದಾರಿ ಮಾತ್ರ ಬೇರೆ.

ಈ ಕಠಿಣತೆಗೆ ಕಾರಣವಿಲ್ಲದಿರಲಿಲ್ಲ ಎಂಬುದನ್ನೂ ಒಪ್ಪಬೇಕು. ಉಡುಗೊರೆಯ ವಿನಾಯಿತಿಯನ್ನು ಬಳಸಿಕೊಂಡು ವಿದೇಶಿ, ಅದರಲ್ಲೂ ಚೀನಾ ಮೂಲದ, ಮಾರಾಟ ತಾಣಗಳು ಮಾರಿದ ಸರಕನ್ನೇ ಸಣ್ಣ ಪೊಟ್ಟಣಗಳಾಗಿ ಒಡೆದು ಕಳುಹಿಸುತ್ತಿವೆ ಎಂಬ ದೂರು ದೇಶದ ವರ್ತಕರಿಂದ ಕೇಳಿಬಂದಿತ್ತು. ಕುಂದಾಪುರದ ಪೇಟೆಯಲ್ಲಿ ಬಾಡಿಗೆ ಕೊಟ್ಟು, ಜಿಎಸ್‌ಟಿ ಕಟ್ಟಿ, ಸುಂಕ ತೆತ್ತ ಆಮದು ಸರಕನ್ನು ಸಗಟು ವ್ಯಾಪಾರಿಯಿಂದ ತರುವ ಅಂಗಡಿಕಾರರ ಎದುರು, ಯಾವ ತೆರಿಗೆಯೂ ಇಲ್ಲದೆ ಬರುವ ಪೊಟ್ಟಣ ಸ್ಪರ್ಧೆಗಿಳಿದರೆ ಅದು ಸಮಬಲದ ಸ್ಪರ್ಧೆಯಲ್ಲ. ಸ್ವಂತ ಬಳಕೆಗೆ ತರಿಸುವ ವಸ್ತುಗಳ ಮೂಲ ಸುಂಕವನ್ನು ಶೇಕಡ 20ರಿಂದ 10ಕ್ಕೆ ಇಳಿಸುವ ಪ್ರಸ್ತಾಪ 2026ರ ಫೆಬ್ರವರಿ 1ರ ಕೇಂದ್ರ ಮುಂಗಡಪತ್ರದಲ್ಲಿ ಬಂದಿರುವುದು ಭಾರವನ್ನು ತಗ್ಗಿಸುವ ಹೆಜ್ಜೆಯೂ ಹೌದು. ಆದರೆ ಮೊತ್ತ ಇಳಿದ ಮಾತ್ರಕ್ಕೆ ಅದು ತಿಳಿಯುವ ಹೊತ್ತು ಬದಲಾಗುವುದಿಲ್ಲ.

ಹೊತ್ತು ತಪ್ಪಿದ ಸುಂಕ ಎರಡು ಬಗೆಯ ಕೆಡುಕಿಗೆ ದಾರಿ ಮಾಡುತ್ತದೆ. ಮೊದಲನೆಯದು ಗ್ರಾಹಕರೇ ಹಿಡಿಯುವ ಅಡ್ಡದಾರಿ: ಚೀಟಿಯಲ್ಲಿ ಬೆಲೆ ಕಡಿಮೆ ಬರೆಯುವಂತೆ ಮಾರಾಟಗಾರರನ್ನು ಕೇಳಿಕೊಳ್ಳುವುದು. ಸುಂಕಕ್ಕೆ ಹೆದರಿ ಇರುಳಿಡೀ ಸುತ್ತುದಾರಿ ನಡೆದವನಿಗೆ ಸುಂಕದ ಕಟ್ಟೆಯ ಎದುರಿಗೇ ಬೆಳಗಾಯಿತು ಎಂಬ ಗಾದೆ, ಸಂಸ್ಕೃತದಲ್ಲಿ ಘಟ್ಟಕುಟೀಪ್ರಭಾತ ನ್ಯಾಯವೆಂದು ಹೆಸರಾದದ್ದು, ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಅಧಿಕಾರಿಗಳು ಘೋಷಿತ ಬೆಲೆಯನ್ನು ನಂಬದೆ ಪಾವತಿಯ ದಾಖಲೆ ಕೇಳಬಹುದು, ತಪ್ಪು ಘೋಷಣೆಗಾಗಿ ವಸ್ತುವನ್ನು ಮುಟ್ಟುಗೋಲು ಹಾಕಿಕೊಂಡು ದಂಡವನ್ನೂ ವಿಧಿಸಬಹುದು; ಹಾದಿಯಲ್ಲಿ ವಸ್ತು ಕಳೆದುಹೋದರೆ ಪರಿಹಾರವೂ ಚೀಟಿಯ ಸುಳ್ಳು ಬೆಲೆಗೇ ಸೀಮಿತವಾಗುವ ಅಪಾಯವಿದೆ.

ಎರಡನೆಯದು ಇದಕ್ಕಿಂತ ಗಂಭೀರ. ನಿಮ್ಮ ಹೆಸರಿನ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದೆ, ಕೂಡಲೇ ಹಣ ಕಳುಹಿಸಿ ಎಂದು ಬೆದರಿಸುವ ವಂಚಕರ ಕರೆಗಳು ದೇಶದಾದ್ಯಂತ ಹರಡಿವೆ. ಇಂಥ ಕರೆಯನ್ನು ವಿದ್ಯಾವಂತರೂ ನಂಬುವುದೇಕೆಂದರೆ, ವಿವರವಿಲ್ಲದ ಮೊತ್ತವೊಂದನ್ನು ಯಾರೋ ಹಠಾತ್ತನೆ ಕೇಳುವುದು ಸುಂಕದ ವಿಷಯದಲ್ಲಿ ಸಹಜವೇ ಇರಬೇಕೆಂಬ ಭಾವನೆಯನ್ನು ನೈಜ ಪದ್ಧತಿಯೇ ಜನರಲ್ಲಿ ಬೆಳೆಸಿಟ್ಟಿದೆ. 2019ರ ನವೆಂಬರ್ 8ರಿಂದ ಸೀಮಾಸುಂಕ ಮಂಡಳಿಯ ಅಧಿಕಾರಿಗಳ ಪತ್ರಗಳಿಗೆ ದಸ್ತಾವೇಜು ಗುರುತಿನ ಸಂಖ್ಯೆ, ಅಂದರೆ ಪತ್ರ ಅಸಲಿಯೋ ಎಂದು ಜಾಲತಾಣದಲ್ಲಿ ಪರೀಕ್ಷಿಸಬಹುದಾದ ಸಂಖ್ಯೆ, ಜಾರಿಗೆ ಬಂದಿದೆ. ಸುಂಕವನ್ನು ಖಾಸಗಿ ವ್ಯಕ್ತಿಯ ಬ್ಯಾಂಕ್ ಖಾತೆಗೆ ತುಂಬಿಸಿಕೊಳ್ಳುವ ಕ್ರಮ ಇಲಾಖೆಯಲ್ಲಿಲ್ಲ. ವಂಚನೆಯಾದರೆ 1930 ಸಂಖ್ಯೆಗೆ ದೂರು ಕೊಡಬಹುದು. ಇವು ಒಳ್ಳೆಯ ಏರ್ಪಾಡುಗಳೇ. ಆದರೆ ಅಸಲಿ ಸುಂಕ ಖರೀದಿಯ ಹೊತ್ತಿನಲ್ಲೇ ಮುಗಿದುಹೋಗುವಂತಿದ್ದರೆ ಆ ಬಳಿಕ ಬರುವ ಪ್ರತಿ ಕರೆಯೂ ಸುಳ್ಳೆಂದು ಯಾರಿಗಾದರೂ ತಿಳಿಯುತ್ತಿತ್ತು.

ತಪ್ಪು ಲೆಕ್ಕಕ್ಕೆ ಪರಿಹಾರವೂ ಕಾಗದದ ಮೇಲೆ ಇದೆ. 1962ರ ಕಾಯ್ದೆಯ 128ನೇ ಕಲಮಿನಂತೆ 60 ದಿನಗಳೊಳಗೆ ಮೇಲ್ಮನವಿ, 27ನೇ ಕಲಮಿನಂತೆ ಒಂದು ವರ್ಷದೊಳಗೆ ಮರುಪಾವತಿಯ ಅರ್ಜಿ, ವಸ್ತುವನ್ನು ಮರಳಿ ವಿದೇಶಕ್ಕೆ ಕಳುಹಿಸಿದರೆ 74ನೇ ಕಲಮಿನಂತೆ ಸುಂಕದ ಶೇಕಡ 98ರವರೆಗೆ ವಾಪಸು. ಆದರೆ ಅಳತೆ ಹೊಂದದ ಚಪ್ಪಲಿಯ 900 ರೂಪಾಯಿ ಸುಂಕಕ್ಕಾಗಿ ಬೈಂದೂರಿನಿಂದ ಮಹಾನಗರದ ಕಚೇರಿಯೊಂದಿಗೆ ಪತ್ರವ್ಯವಹಾರ ನಡೆಸುವವರು ವಿರಳ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯ ಸುಂಕದವನಾದರೂ ಎದುರಿಗೆ ನಿಂತಿರುತ್ತಿದ್ದ. ಇಂದು ಅವನ ಮುಖವೇ ಕಾಣುವುದಿಲ್ಲ.

ಬೇರೆ ದೇಶಗಳು ಈ ಗಂಟನ್ನು ಬಿಡಿಸಿದ ರೀತಿ ಗಮನಾರ್ಹ. ಆಸ್ಟ್ರೇಲಿಯಾ 2018ರ ಜುಲೈ 1ರಿಂದ ಸಣ್ಣ ಬೆಲೆಯ ಆಮದಿನ ತೆರಿಗೆಯನ್ನು ದೊಡ್ಡ ಮಾರಾಟ ತಾಣಗಳೇ ಖರೀದಿಯ ಹೊತ್ತಿನಲ್ಲಿ ಸಂಗ್ರಹಿಸಿ ಕಟ್ಟುವಂತೆ ಮಾಡಿತು. ಐರೋಪ್ಯ ಒಕ್ಕೂಟ 2021ರ ಜುಲೈ 1ರಂದು 22 ಯೂರೋವರೆಗಿನ ವಿನಾಯಿತಿಯನ್ನು ರದ್ದುಗೊಳಿಸಿ, 150 ಯೂರೋವರೆಗಿನ ಸರಕಿನ ಮೌಲ್ಯವರ್ಧಿತ ತೆರಿಗೆಯನ್ನು ಮಾರಾಟಗಾರರು ಒಂದೇ ಕಿಟಕಿಯಲ್ಲಿ ಕಟ್ಟುವ ವ್ಯವಸ್ಥೆ ತಂದಿತು. ಎರಡೂ ಕಡೆ ತೆರಿಗೆ ಹೋಗಲಿಲ್ಲ, ಹೆಚ್ಚಾಯಿತು. ಅನಿರೀಕ್ಷಿತತೆ ಮಾತ್ರ ಬಹುಮಟ್ಟಿಗೆ ಹೋಯಿತು. ಭಾರತದಲ್ಲೂ ಕೆಲವು ತಾಣಗಳು ಅಂದಾಜು ಆಮದು ಶುಲ್ಕವನ್ನು ಬೆಲೆಯ ಜೊತೆಗೇ ತೋರಿಸಿ ಪಡೆಯುತ್ತವೆ; ವ್ಯಾಪಾರದ ಭಾಷೆಯಲ್ಲಿ ಡಿಡಿಪಿ ಎನ್ನುವ ಈ ಕ್ರಮದಲ್ಲಿ ಸುಂಕದ ಹೊಣೆ ಕಳುಹಿಸುವವರದು. ಆದರೆ ಅದು ತಾಣದ ಇಚ್ಛೆಗೆ ಬಿಟ್ಟ ಸೌಜನ್ಯವೇ ಹೊರತು ಗ್ರಾಹಕರ ಹಕ್ಕಲ್ಲ.

ಇಂಥ ಕ್ರಮ ನಮ್ಮ ಅಂಚೆಗೆ ಅಸಾಧ್ಯವೆನ್ನುವಂತೆಯೂ ಇಲ್ಲ. ಅಮೆರಿಕ 800 ಡಾಲರ್‌ವರೆಗಿನ ಪೊಟ್ಟಣಗಳಿಗೆ ಕೊಟ್ಟಿದ್ದ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ರದ್ದುಮಾಡಿದಾಗ, ಭಾರತೀಯ ಅಂಚೆ ಇಲಾಖೆ ಅಲ್ಲಿಗೆ ಪಾರ್ಸೆಲ್ ಸ್ವೀಕರಿಸುವುದನ್ನೇ ಕೆಲಕಾಲ ನಿಲ್ಲಿಸಿತು. ಅಕ್ಟೋಬರ್ 15ರಿಂದ ಸೇವೆ ಮತ್ತೆ ಆರಂಭವಾದದ್ದು ಅಮೆರಿಕದ ಸುಂಕವನ್ನು ಕಳುಹಿಸುವವರಿಂದಲೇ ಮುಂಗಡವಾಗಿ ಪಡೆಯುವ ವ್ಯವಸ್ಥೆಯೊಂದಿಗೆ. ಅಮೆರಿಕದಲ್ಲಿರುವ ಮಗಳ ಮನೆಯ ಬಾಗಿಲಲ್ಲಿ ಯಾರೂ ಹಣ ಕೇಳದಂತೆ, ಆ ದೇಶದ ಸುಂಕವನ್ನು ನಮ್ಮ ಅಂಚೆ ಕಚೇರಿಯ ಕಿಟಕಿಯಲ್ಲೇ ಲೆಕ್ಕ ಹಾಕಿ ಪಡೆಯಬಹುದೆಂದಾದರೆ, ಸ್ವಂತ ದೇಶದ ಸುಂಕವನ್ನು ಮುಂಚಿತವಾಗಿ ತಿಳಿಸಲಾಗದೆಂಬ ಮಾತು ನಿಲ್ಲುವುದಿಲ್ಲ. ಖರೀದಿಯ ಹೊತ್ತಿನಲ್ಲೇ ಸುಂಕ ತೋರಿಸುವುದನ್ನು ಮಾರಾಟ ತಾಣಗಳಿಗೆ ಕಡ್ಡಾಯಗೊಳಿಸುವುದು, ಕೊರಿಯರ್ ಶುಲ್ಕವನ್ನು ಸುಂಕದಿಂದ ಬೇರ್ಪಡಿಸಿ ಬರೆಯಿಸುವುದು, ಅಂಚೆಯ ಪೊಟ್ಟಣಕ್ಕೆ ಲೆಕ್ಕದ ವಿವರವಿರುವ ಕನ್ನಡದ ಚೀಟಿ ಲಗತ್ತಿಸುವುದು, ಹತ್ತಿರದ ಬಂಧುಗಳ ಸಣ್ಣ ಉಡುಗೊರೆಗೆ ಪ್ರಯಾಣಿಕರ ಪೆಟ್ಟಿಗೆಗಿರುವ ರಿಯಾಯಿತಿಯ ಒಂದಂಶವನ್ನಾದರೂ ಮರಳಿಸುವುದು, ಇವು ಯಾವುವೂ ಬೊಕ್ಕಸವನ್ನು ಬರಿದು ಮಾಡುವಂಥವಲ್ಲ. ಅಲ್ಲಿಯವರೆಗೆ ಈ ಪದ್ಧತಿ ಕಾನೂನಿನ ದೃಷ್ಟಿಯಲ್ಲಿ ಸರಿಯಾಗಿದ್ದೂ ವ್ಯವಹಾರದ ದೃಷ್ಟಿಯಲ್ಲಿ ಅಪೂರ್ಣವಾಗಿಯೇ ಉಳಿಯುತ್ತದೆ. ದರವನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದ ನಾಡಿನಲ್ಲಿ, ಅದು ಹೊಸ್ತಿಲಲ್ಲಿ ನಿಂತ ಅಂಚೆಯವರ ಬಾಯಿಂದ ಮೊದಲ ಬಾರಿಗೆ ಕೇಳಬೇಕಾದ ಸುದ್ದಿಯಾಗಿರುವಷ್ಟು ಕಾಲ.