ಅಣ್ಣನ ನೋಟ್‌ಬುಕ್ಕು

ಟೆರಿ ಜ್ವಿಗಾಫ್ ನಿರ್ದೇಶಿಸಿದ ‘ಕ್ರಂಬ್’ (1994) ಸಾಕ್ಷ್ಯಚಿತ್ರದಲ್ಲಿ ನೋಟ್‌ಬುಕ್ಕಿನ ಹಾಳೆ ಮಗುಚುವ ಒಂದು ದೃಶ್ಯವಿದೆ. ಅಲ್ಲಿ ನಡೆಯುವುದು ಅಷ್ಟೇ. ವ್ಯಂಗ್ಯಚಿತ್ರಕಾರ ರಾಬರ್ಟ್ ಕ್ರಂಬ್, ತನ್ನ ಅಣ್ಣ ಚಾರ್ಲ್ಸ್ ಹಿಂದೆ ಬರೆದಿದ್ದ ಕಾಮಿಕ್ಸನ್ನು ತೋರಿಸುತ್ತಾನೆ. ಮೊದಮೊದಲು ಕಡಲುಗಳ್ಳರು, ಒಂಟಿಕಾಲಿನ ಲಾಂಗ್ ಜಾನ್ ಸಿಲ್ವರ್, ಪಳಗಿದ ಕೈ. ಕೆಲವು ಹಾಳೆ ಕಳೆಯುವಷ್ಟರಲ್ಲಿ ಬಟ್ಟೆಬರೆಯ ನೆರಿಗೆಗಳು ಯಾಕೋ ಅತಿಯಾಗುತ್ತವೆ. ಆಮೇಲೆ ಪಾತ್ರಗಳ ತಲೆಯ ಮೇಲಿನ ಮಾತಿನ ಗುಳ್ಳೆಗಳು ಊದಿಕೊಂಡು ಚಿತ್ರವನ್ನು ಮೂಲೆಗೆ ಒತ್ತುತ್ತವೆ. ಆಮೇಲೆ ಚಿತ್ರವೇ ಇಲ್ಲ, ಬರೀ ಅಕ್ಷರ. ಕೊನೆಗೆ ಅಕ್ಷರವೂ ಅಲ್ಲ, ಅಕ್ಷರದಂತೆ ಕಾಣುವ ಇರುವೆಸಾಲು, ಪುಟ ತುಂಬ, ಪುಟದ ಮೇಲೆ ಪುಟ. ಓದಹೋದರೆ ಏನೂ ಇಲ್ಲ. ಒಂದು ಮನಸ್ಸು ಮೆಲ್ಲಮೆಲ್ಲನೆ ತನ್ನೊಳಗೇ ಮುಳುಗುವುದನ್ನು ಯಾವ ವೈದ್ಯರ ವಿವರಣೆಯೂ ಇಲ್ಲದೆ ಹೀಗೆ ಕಣ್ಣಾರೆ ಕಂಡದ್ದು ನನಗೆ ಬೇರೆ ನೆನಪಿಲ್ಲ.

ಹೆಸರಿಗೆ ಇದು ರಾಬರ್ಟ್‌ನ ಚಿತ್ರ. 1943ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದವನು, ಕ್ಲೀವ್‌ಲ್ಯಾಂಡಿನಲ್ಲಿ ಗ್ರೀಟಿಂಗ್ ಕಾರ್ಡಿನ ಕಂಪನಿಗೆ ಚಿತ್ರ ಬರೆದವನು. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹಿಪ್ಪಿಗಳ ಬೀದಿಯಲ್ಲಿ ‘ಜ್ಯಾಪ್ ಕಾಮಿಕ್ಸ್’ ಮೊದಲ ಸಂಚಿಕೆಯನ್ನು ಮಗುವಿನ ತಳ್ಳುಗಾಡಿಯಲ್ಲಿಟ್ಟು ಮಾರಿದ್ದ. ಅಂಗಡಿಗಳಲ್ಲಿ ಸಿಗುವ ಕಾಮಿಕ್ಸಿಗೆ ಸೆನ್ಸಾರಿನ ಮುದ್ರೆ ಬೇಕಿದ್ದ ಕಾಲ ಅದು. ಅದನ್ನು ಲೆಕ್ಕಿಸದೆ ಹೊರಟ ಇಂಥ ಹೊತ್ತಗೆಗಳಿಗೆ ಅಂಡರ್‌ಗ್ರೌಂಡ್ ಎಂಬ ಹೆಸರು ಬಿತ್ತು. ಅವನ ‘ಫ್ರಿಟ್ಜ್ ದಿ ಕ್ಯಾಟ್’ 1972ರಲ್ಲಿ ಸಿನಿಮಾ ಆಯಿತು. ಅದನ್ನು ನೋಡಿ ರೇಗಿದ ರಾಬರ್ಟ್ ಮುಂದಿನ ಕಾಮಿಕ್ಸಿನಲ್ಲಿ ಆ ಬೆಕ್ಕನ್ನು ಕೊಂದೇಬಿಟ್ಟ. ಹಣ ಬರುವ ಪಾತ್ರವನ್ನು ಹೀಗೆ ಮುಗಿಸಿದವರು ಕಡಿಮೆ.

ನಿರ್ದೇಶಕ ಜ್ವಿಗಾಫ್ ಹೊರಗಿನವನಲ್ಲ. ರಾಬರ್ಟ್‌ನ ‘ಚೀಪ್ ಸೂಟ್ ಸೆರಿನೇಡರ್ಸ್’ ಎಂಬ ವಾದ್ಯತಂಡದಲ್ಲಿ ಚೆಲ್ಲೊ ನುಡಿಸುತ್ತಿದ್ದವನು. ಇಬ್ಬರಿಗೂ ನಿಮಿಷಕ್ಕೆ 78 ಸುತ್ತಿನ ಹಳೆಯ ಗ್ರಾಮಫೋನ್ ತಟ್ಟೆಗಳ ಹುಚ್ಚು. ಆ ಗೆಳೆತನದಿಂದಲೇ ಮನೆಯ ಬಾಗಿಲು ತೆರೆದದ್ದು. ತೆರೆದದ್ದು ಅರ್ಧವೇ ಅನ್ನಿ. ಇಬ್ಬರು ಸಹೋದರಿಯರು ಕ್ಯಾಮೆರಾದ ಎದುರು ಬರಲು ಒಪ್ಪಲಿಲ್ಲ. ಚಿತ್ರ ಆ ನಿರಾಕರಣೆಯನ್ನು ತಿಳಿಸಿ ಸುಮ್ಮನಾಗುತ್ತದೆ. ಗಂಡುಮಕ್ಕಳ ಮಾತಿನಲ್ಲಿ ತುಂಬಿಹೋಗಿರುವ ಈ ಮನೆಯಲ್ಲಿ ಆ ಮೌನದ ಜಾಗ ಖಾಲಿಯೇ ಉಳಿದದ್ದು ಒಳ್ಳೆಯದಾಯಿತು.

ಚಾರ್ಲ್ಸ್ ಇರುವುದು ತಾಯಿಯ ಮನೆಯಲ್ಲಿ, ತನ್ನ ಕೋಣೆಯೊಳಗೆ. ನಡುವಯಸ್ಸು, ಕೆಲವು ಹಲ್ಲುಗಳಿಲ್ಲ, ಕೆಲಸವಿಲ್ಲ, ಮದ್ದಿನ ಮೇಲೆ ದಿನ ಸಾಗುತ್ತಿದೆ. ಸುತ್ತ ಪುಸ್ತಕ. ಮಾತು ಮಾತ್ರ ಏನು ಸೊಗಸು! ತನ್ನ ದುರ್ಗತಿಯನ್ನು ಬೇರೊಬ್ಬನ ಕಥೆಯೆಂಬಂತೆ, ಬಿಡಿಸಿ ಬಿಡಿಸಿ, ನಗೆಯ ಎಳೆ ಸೇರಿಸಿ ಹೇಳುತ್ತಾನೆ. ತಮ್ಮಂದಿರನ್ನು ಕೂರಿಸಿಕೊಂಡು ಕಾಮಿಕ್ಸ್ ಬರೆಸಿದವನು ಇವನೇ, ಬರೆಯದಿದ್ದರೆ ಬಿಡುತ್ತಿರಲಿಲ್ಲ. 1958ರಲ್ಲಿ ಅವನೂ ರಾಬರ್ಟೂ ಸೇರಿ ‘ಫೂ’ ಎಂಬ ಪತ್ರಿಕೆ ಅಚ್ಚು ಹಾಕಿಸಿ ಮನೆಮನೆಗೆ ಹೋಗಿ ಮಾರಿದ್ದರು. ಅಂದರೆ ಲೋಕ ಮೆಚ್ಚಿದ ಆ ಕೈಯನ್ನು ತಿದ್ದಿದ ಮೇಷ್ಟ್ರು ಕೋಣೆ ಬಿಟ್ಟು ಹೊರಬರಲಾರದೆ ಕೂತಿದ್ದಾನೆ. ಎದುರಿಗೆ ಕೂತ ತಮ್ಮ ನಗುತ್ತಾನೆ. ಆ ನಗು ಮೊದಲ ಸಲ ನನಗೆ ಸಿಟ್ಟು ತರಿಸಿತ್ತು. ಅಣ್ಣ ಸಾವಿನ ಮಾತಾಡುತ್ತಿದ್ದಾನೆ, ಇವನು ಹಿಹ್ಹಿಹ್ಹಿ ಎನ್ನುತ್ತಾನಲ್ಲ!

ರೌದ್ರದಿಂದ ಕರುಣ ಹುಟ್ಟುತ್ತದೆ, ಶೃಂಗಾರದಿಂದ ಹಾಸ್ಯ ಎಂದು ನಾಟ್ಯಶಾಸ್ತ್ರದ ಲೆಕ್ಕ. ಮೊದಲನೆಯದು ಈ ಮನೆಗೆ ಅಚ್ಚುಕಟ್ಟಾಗಿ ಹೊಂದುತ್ತದೆ. ಅಪ್ಪ ಅಮೆರಿಕದ ಮರೀನ್ ದಳದಲ್ಲಿ ಸೈನಿಕನಾಗಿದ್ದವನು, ಮಕ್ಕಳ ಮೇಲೆ ಕೈಮಾಡುತ್ತಿದ್ದವನು; ಹೊರಗೆ, ಕೆಲಸಗಾರರನ್ನು ಚೆನ್ನಾಗಿ ತರಬೇತುಗೊಳಿಸುವುದು ಹೇಗೆ ಎಂದು ಪುಸ್ತಕ ಬರೆದ ಗೌರವಸ್ಥ! ಆ ರೌದ್ರದ ಬೆಳೆಯೇ ಚಾರ್ಲ್ಸ್‌ನ ಕೋಣೆ. ಎರಡನೆಯ ಲೆಕ್ಕ ಮಾತ್ರ ತಪ್ಪುತ್ತದೆ. ಇಲ್ಲಿ ಹಾಸ್ಯಕ್ಕೆ ಶೃಂಗಾರದ ನೆಂಟಸ್ತಿಕೆಯಿಲ್ಲ. ಅದು ಕರುಣದ ಬೆನ್ನಿಗೇ ಅಂಟಿಕೊಂಡು ಬರುತ್ತದೆ, ಬಿಡಿಸಲು ಬಾರದ ಹಾಗೆ.

ಕಿರಿಯ ತಮ್ಮ ಮ್ಯಾಕ್ಸನ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಬಡ ಹೋಟೆಲ್ ಕೋಣೆಯಲ್ಲಿ ಮೊಳೆಗಳ ಹಲಗೆಯ ಮೇಲೆ ಕೂರುತ್ತಾನೆ, ಬೀದಿಯಲ್ಲಿ ಭಿಕ್ಷೆಗೆ ಕೂರುತ್ತಾನೆ. ಉದ್ದನೆಯ ಬಟ್ಟೆಯ ಪಟ್ಟಿಯನ್ನು ಮೆಲ್ಲಗೆ ನುಂಗುತ್ತಾನೆ. ಅಮೆರಿಕದ ಪ್ರೇಕ್ಷಕರಿಗೆ ಇದು ಬರೀ ಹುಚ್ಚಾಗಿ ಕಂಡಿರಬಹುದು. ನಮಗೆ ಗುರುತು ಹತ್ತುತ್ತದೆ: ಹಠಯೋಗದ ವಸ್ತ್ರಧೌತಿ. ಗುರುತು ಹತ್ತಿದ್ದರಿಂದ ಇನ್ನಷ್ಟು ಕಳವಳ. ಗುರುವಿಲ್ಲದ, ಜೊತೆಯಿಲ್ಲದ ತಪಸ್ಸು ಅದು. ಅವನ ವರ್ಣಚಿತ್ರಗಳು ಗಟ್ಟಿಯಾದವು ಎಂಬುದನ್ನೂ ಹೇಳಬೇಕು.

ಇನ್ನು ವಿವಾದ. ರಾಬರ್ಟ್‌ನ ಕೆಲವು ಪುಟಗಳು ಹೇಸಿಗೆ ಹುಟ್ಟಿಸುತ್ತವೆ: ಹೆಣ್ಣಿನ ದೇಹದ ಮೇಲಿನ ಹಗೆ, ಕಪ್ಪುಜನರ ವಿಕಾರ ಚಿತ್ರಣ, ಮನೆಮಂದಿಯೊಳಗಿನ ಅಗಮ್ಯಗಮನ. ಚಿತ್ರ ಇವನ್ನು ಮುಚ್ಚಿಡುವುದಿಲ್ಲ. ಕಲಾವಿಮರ್ಶಕ ರಾಬರ್ಟ್ ಹ್ಯೂಸ್ ಇವನನ್ನು ಹಳೆಯ ಮಹಾಚಿತ್ರಕಾರನಿಗೆ ಹೋಲಿಸಿ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಬ್ರೂಗಲ್ ಎಂದು ಹೊಗಳುತ್ತಾನೆ. ಪತ್ರಕರ್ತೆ ಡೀರ್ಡ್ರೆ ಇಂಗ್ಲಿಷ್, ಇದು ವ್ಯಂಗ್ಯದ ಗೆರೆ ದಾಟಿ ಲೇಖಕನ ಸ್ವಂತ ಚಪಲವಾಗಿಬಿಟ್ಟಿದೆ ಎನ್ನುತ್ತಾಳೆ. ಆ ಪುಟಗಳ ಮಟ್ಟಿಗೆ ನಾನು ಆಕೆಯ ಕಡೆ. ತಲೆಗೆ ಬಂದದ್ದೆಲ್ಲ ಕಾಗದಕ್ಕೆ ಇಳಿಯಬೇಕು ಎಂಬ ಪ್ರಾಮಾಣಿಕತೆ ದೊಡ್ಡದೇ ಇರಬಹುದು, ಓದುವವರ ಮೈಮೇಲೆ ಬಂದು ಬೀಳುವಾಗ ಅದು ಬರೀ ಪ್ರಾಮಾಣಿಕತೆಯಾಗಿ ಉಳಿಯುವುದಿಲ್ಲ. ರಾಬರ್ಟ್ ಹೆಚ್ಚು ವಾದಿಸುವುದೂ ಇಲ್ಲ. ತನ್ನನ್ನು ಕಟ್ಟಿಹಾಕಬೇಕೋ ಏನೋ ಎಂಬ ಧಾಟಿಯಲ್ಲಿ ಹೆಗಲು ಕುಣಿಸಿ ಮತ್ತೆ ನಗುತ್ತಾನೆ.

ಆದರೆ ಅದೇ ಕೈ ವಿದ್ಯುತ್ ಕಂಬ ಬರೆಯುವುದನ್ನು ನೋಡಿ. ತಂತಿ, ಟ್ರಾನ್ಸ್‌ಫಾರ್ಮರು, ಬೀದಿದೀಪ, ಫಲಕ ಇವನ್ನೆಲ್ಲ ನಮ್ಮ ಕಣ್ಣು ದಿನಾ ಅಳಿಸಿಹಾಕುತ್ತದೆ, ಮನೆಗೆ ಬಂದು ನೆನಪಿನಿಂದ ಬರೆಯಲಾಗುವುದಿಲ್ಲ. ಅದಕ್ಕೇ ಅವನು ಅವುಗಳ ಫೋಟೋ ತೆಗೆಸಿಟ್ಟುಕೊಂಡಿದ್ದಾನೆ. ಹನ್ನೆರಡು ಚೌಕಗಳ ‘ಅಮೆರಿಕದ ಕಿರುಚರಿತ್ರೆ’ಯಲ್ಲಿ ಮೊದಲು ಬರೀ ಹುಲ್ಲುಗಾವಲು, ಮರ, ಆಮೇಲೆ ರೈಲು, ಒಂದು ಮನೆ, ದಾರಿ, ಕಂಬ, ಇನ್ನಷ್ಟು ಕಂಬ. ಮರ ಯಾವ ಚೌಕದಲ್ಲಿ ಹೋಯಿತೆಂದು ಹಿಂದಕ್ಕೆ ಹೋಗಿ ಹುಡುಕಬೇಕು. ಚಾರ್ಲ್ಸ್‌ನ ನೋಟ್‌ಬುಕ್ಕಿನ ಕ್ರಮವೇ ಇದು: ಒಂದೊಂದೇ ಗೆರೆ ಸೇರುತ್ತ ಸೇರುತ್ತ ಆಡಲು ಜಾಗವೇ ಇಲ್ಲವಾಗುತ್ತದೆ. ತಮ್ಮ ಅದನ್ನು ಬೀದಿಗೆ ಹಚ್ಚಿದ, ಅಣ್ಣನಿಗೆ ಹಚ್ಚಲು ಬೀದಿ ಇರಲಿಲ್ಲ.

ರಾಬರ್ಟ್ ಹಾಡು ಕೇಳುವ ದೃಶ್ಯಕ್ಕೂ ನಾನು ಮರಳಿ ಹೋಗುತ್ತೇನೆ. ಗೀಶಿ ವೈಲಿ ಎಂಬ ಕಪ್ಪು ಗಾಯಕಿಯ 1930ರ ತಟ್ಟೆಯೊಂದನ್ನು ಹಾಕುತ್ತಾನೆ, ಮಾತು ನಿಲ್ಲುತ್ತದೆ. ಜನರ ಬಗ್ಗೆ ಒಳ್ಳೆಯದೆನ್ನಿಸುವ ಕೆಲವೇ ಗಳಿಗೆಗಳಲ್ಲಿ ಇಂಥ ಹಾಡು ಕೇಳುವುದೂ ಒಂದು ಎಂಬರ್ಥದ್ದೇನೋ ಹೇಳುತ್ತಾನೆ. ಕಪ್ಪುಜನರನ್ನು ವಿಕಾರವಾಗಿ ಬರೆದವನೂ ಇವನೇ. ಮರಿಸ್ ಅಲ್ಬರ್ಟಿಯ ಕ್ಯಾಮೆರಾ ಎರಡನ್ನೂ ಒಂದೇ ದೂರದಿಂದ ನೋಡುತ್ತದೆ.

ಕೊನೆಗೆ ಹೆಂಡತಿ ಅಲೀನ್, ಮಗಳು ಸೋಫಿಯ ಜೊತೆ ದಕ್ಷಿಣ ಫ್ರಾನ್ಸಿಗೆ ಗುಳೆ. ಆರು ಸ್ಕೆಚ್‌ಬುಕ್ಕು ಕೊಟ್ಟು ಅಲ್ಲೊಂದು ಮನೆ ಪಡೆದಿದ್ದಾನೆ. ಗ್ರಾಮಫೋನ್ ತಟ್ಟೆಗಳು ಪೆಟ್ಟಿಗೆ ಸೇರುತ್ತವೆ. ಚಿತ್ರೀಕರಣ ಮುಗಿದ ಮೇಲೆ, ಚಿತ್ರ ತೆರೆಗೆ ಬರುವ ಮುಂಚೆ, ಚಾರ್ಲ್ಸ್ ತನ್ನ ಬದುಕನ್ನು ತಾನೇ ಮುಗಿಸಿಕೊಂಡ ಎಂದು ತೆರೆಯ ಮೇಲಿನ ಬರಹ ತಿಳಿಸುತ್ತದೆ.

ಅದು ಗೊತ್ತಿದ್ದೇ ಎರಡನೆಯ ಸಲ ನೋಡಿದೆ. ಈ ಸಲ ರಾಬರ್ಟ್ ನಕ್ಕಲ್ಲೆಲ್ಲ ನಾನು ಚಾರ್ಲ್ಸ್‌ನ ಮುಖ ನೋಡುತ್ತಿದ್ದೆ. ತಮ್ಮ ನಕ್ಕಾಗಲೆಲ್ಲ ಅವನು ಇನ್ನೊಂದು ಮಾತು ಜೋಡಿಸಲು ಮುಂದಕ್ಕೆ ಬಾಗುತ್ತಿದ್ದಾನೆ ಅನ್ನಿಸಿತು.