ಸಾಹಸ ಯಾರ ಸ್ವತ್ತು?

ಹುತ್ರಿದುರ್ಗ ಹತ್ತಿದವರು ಕೆಂಪೇಗೌಡರ ಹೆಸರು ಹೇಳುತ್ತಾರೆ. 1791ರಲ್ಲಿ ಕೋಟೆ ಹಿಡಿದ ಇಂಗ್ಲಿಷರ ಮಾತೂ ಬರುತ್ತದೆ. ಕಲ್ಲು ಹೊತ್ತವರು ಯಾರಪ್ಪಾ ಅಂದರೆ ಎಲ್ಲರೂ ಸುಮ್ಮನಾಗುತ್ತಾರೆ. ಹುಡುಗರಿಗೆಂದೇ ಬಂದ ಸಾಹಸದ ಚಿತ್ರಕಥೆಗಳನ್ನು ಓದುವಾಗಲೂ ನನ್ನನ್ನು ಕಾಡೋದು ಇದೇ ಪ್ರಶ್ನೆ.

1950ರಲ್ಲಿ ಇಂಗ್ಲೆಂಡಿನ ಪಾದ್ರಿ ಮಾರ್ಕಸ್ ಮಾರಿಸ್ ‘ಈಗಲ್’ ವಾರಪತ್ರಿಕೆ ಶುರುಮಾಡಿದರು. ಅಮೆರಿಕದ ಭಯಾನಕ ಕಾಮಿಕ್ಸಿನಿಂದ ಹುಡುಗರನ್ನು ಬಿಡಿಸಬೇಕು ಅನ್ನೋದು ಅವರ ಹಟ. ಅದರ ನಾಯಕ ಡ್ಯಾನ್ ಡೇರ್ ಶುಕ್ರಗ್ರಹಕ್ಕೇ ಹಾರಿದ. 1969ಕ್ಕೆ ಪತ್ರಿಕೆ ನಿಂತಿತು. ಆ ಹೊತ್ತಿಗೆ ನಮ್ಮಲ್ಲಿ ಕಾರ್ಕಳದ ಅನಂತ ಪೈ ‘ಅಮರ ಚಿತ್ರ ಕಥೆ’ ಕಟ್ಟುತ್ತಿದ್ದರು. ನಮ್ಮ ಮಕ್ಕಳಿಗೆ ನಮ್ಮ ಕಥೆ ಗೊತ್ತಾಗಲಿ ಅನ್ನೋದು ಅವರ ಹಂಬಲ. ಇಬ್ಬರ ಉದ್ದೇಶವೂ ಒಳ್ಳೆಯದೇ. ಆದರೆ ಆ ‘ನಮ್ಮ’ ಅನ್ನುವುದರೊಳಗೆ ಕೇರಿ ಇತ್ತೆ?

ರಾಮ, ಕೃಷ್ಣರು ಮೊದಲೇ ಬಂದರು. ಬಾಬಾಸಾಹೇಬರು ಬರಲು 1979 ಆಗಬೇಕಾಯಿತು. ಬಂದಾಗಲೂ ರಾಜರಿಗೆ ಹೊಲಿದಿದ್ದ ಅಂಗಿಯನ್ನೇ ತೊಡಿಸಿದರು: ಒಬ್ಬ ಮಹಾಪುರುಷ, ಅವನ ಛಲ. 1927ರಲ್ಲಿ ಮಹಾಡಿನ ಕೆರೆಗೆ ನಡೆದವರು ಒಬ್ಬರಲ್ಲ, ಸಾವಿರಾರು ಜನ. ಅವರೆಲ್ಲ ಚಿತ್ರದ ಹಿನ್ನೆಲೆಯಲ್ಲ, ಅವರೇ ಕಥೆ.

2011ರಲ್ಲಿ ಬಂದ ‘ಭೀಮಾಯನ’ದಲ್ಲಿ ಗೊಂಡ ಕಲಾವಿದರಾದ ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ಆ ಚೌಕಗಳನ್ನೇ ಮುರಿದರು. ಅಲ್ಲಿ ಜಾತಿಯ ಮಾತಿಗೆ ಚೇಳಿನ ಕೊಂಡಿ, ಅಂತಃಕರಣದ ಮಾತಿಗೆ ಹಕ್ಕಿಯ ಆಕಾರ. ಬಾಯಾರಿದ ಹುಡುಗ ನೀರು ಕೇಳುವುದೇ ಅಲ್ಲಿ ಸಾಹಸ.

ಶುಕ್ರಗ್ರಹ ಆಮೇಲಾಯಿತು. ಊರಬಾವಿಗೆ ಹೋಗಿಬಂದ ನಮ್ಮ ಹುಡುಗನ ಕಥೆಯನ್ನು ಇನ್ನು ನಾವೇ ಬರೆಯಬೇಕು, ನಾವೇ ಬಿಡಿಸಬೇಕು.